ಬಿದ್ದ ಗೋಡೆಯೂ ನಿಂತ ಮಗ್ಗವೂ

ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ದಂಡೆಯ ಬಡವರ ವಿಷಯದಲ್ಲಿ ನಾವು ಎರಡು ಮಾತು ಬರೆಯುವದು ಅವಶ್ಯವಾಗಿದೆ. 2009ರ ಸೆಪ್ಟೆಂಬರದ ಕೊನೆಗೆ ಹಿಡಿದ ಮಳೆಯು ನಾಡಿನ ಉತ್ತರ ಭಾಗದಲ್ಲಿ ಇನ್ನೂರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಮಣ್ಣಿನ ಮಾಳಿಗೆಗಳು ನೀರುಂಡು ಒಳಗಿದ್ದವರ ಮೇಲೆಯೇ ಕುಸಿದವು. ಹತ್ತು ವರುಷ ತುಂಬುವ ಮೊದಲೇ, 2019ರ ಆಗಸ್ಟದಲ್ಲಿ, ಅದೇ ನದಿಗಳು ಮತ್ತೆ ಊರುಗಳನ್ನು ಹೊಕ್ಕವು.

ಸರಕಾರವು ಏನನ್ನೂ ಮಾಡಲಿಲ್ಲವೆನ್ನುವದು ಅನ್ಯಾಯದ ಮಾತಾದೀತು. 2009ರ ತರುವಾಯ ದಾನಿಗಳ ನೆರವಿನಿಂದ 'ಆಸರೆ'ಯ ಮನೆಗಳನ್ನು ಕಟ್ಟಿಸಿತು; 2019ರಲ್ಲಿ ಪೂರಾ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ಸಾರಿತು. ಆದರೆ ಇದೆಲ್ಲವೂ ಗೋಡೆಯ ಲೆಕ್ಕ. ನೇಕಾರನ ಮನೆಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗವಿರುವದು. ಮೊಣಕಾಲಮಟ್ಟದ ನೀರು ಬಂದರೆ ಸಾಕು, ಕುಣಿಯು ಹೊಂಡವಾಗುವದು, ಹಾಸಿದ ನೂಲು ಕೊಳೆಯುವದು. ಗೋಡೆಯೋ ನಿಂತೇ ಇರುವದು! ಕಾಗದದಲ್ಲಿ ಆ ಮನೆಯ ಹಾನಿ ಅಲ್ಪ. ಉಪಕರಣಗಳ ಹಾನಿಗೆ ಬೇರೆ ಪರಿಹಾರವುಂಟೆಂಬುದು ನಿಜ. ಮನೆಯ ಮೊತ್ತದ ಮುಂದೆ ಅದೆಷ್ಟು ಕಿರಿದೆಂಬುದನ್ನು ನೇಕಾರನೇ ಬಲ್ಲ. ಮಗ್ಗ ನಿಂತ ದಿನದಿಂದ ಅವನ ಕೂಲಿಯೂ ನಿಂತಿತು, ಸಾಲ ಮಾತ್ರ ನಿಲ್ಲದು.

ಇನ್ನು ಉತಾರೆಯ ತೊಡಕು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದ ಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಮೂರು ಒಲೆಗಳು ಉರಿಯುತ್ತಿರುವವು. ಮನೆ ಬಿದ್ದರೆ ದಫ್ತರದ ಕಣ್ಣಿಗೆ ಬಿದ್ದದ್ದು ಒಂದೇ ಮನೆ.

1876–78ರ ಡೊಗ್ಗಾಲದಲ್ಲಿ ಧಾರವಾಡ ಕಲಾದಗಿಗಳು ಮುಂಬಯಿಯ ಕೈಯಲ್ಲಿ, ಬಳ್ಳಾರಿಯು ಮದರಾಸಿನ ಕೈಯಲ್ಲಿ, ರಾಯಚೂರು ನಿಜಾಮನ ಕೈಯಲ್ಲಿ ಇದ್ದವು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರ ಸೀಮೆಯ ಜನಸಂಖ್ಯೆಯು 1881ಕ್ಕೆ 42 ಲಕ್ಷದಷ್ಟಾಯಿತು. ಆಗ ಕನ್ನಡಿಗರೆಲ್ಲರ ಗೋಳನ್ನು ಕೇಳುವ ಒಂದು ಕಚೇರಿಯೇ ಇರಲಿಲ್ಲ. 1956ರಲ್ಲಿ ನಾಡು ಒಂದುಗೂಡಿತು. ಆ ನೆವವು ಈಗ ನಡೆಯದು.

ಆದುದರಿಂದ ನಮ್ಮ ಶಿಕ್ಷಕ ಬಾಂಧವರಲ್ಲಿ ಒಂದು ಬಿನ್ನಹ. ನದೀತೀರದ ಪ್ರತಿಯೊಂದು ಊರಿನಲ್ಲಿ ಮುಂಗಾರಿಗೆ ಮೊದಲೇ ಒಲೆ ಎಷ್ಟು, ಮಗ್ಗ ಎಷ್ಟು, ದನ ಎಷ್ಟು, ಯಾರ ವಾರಸಾ ನೋಂದಣಿಯಾಗಿಲ್ಲ ಎಂಬ ಯಾದಿಯನ್ನು ತಯಾರಿಸಿ ಪಂಚಾಯತಿಯ ಮುಂದಿಡಬೇಕು. ನೆರೆ ಬಂದ ಮೇಲೆ ಎಣಿಸುವವರಿಗೆ ಕೊಚ್ಚಿಹೋದದ್ದು ಕಾಣುವದಿಲ್ಲ. ಈ ಯಾದಿಯನ್ನು ತಾಲೂಕು ಕಚೇರಿಯು ಒಪ್ಪದಿದ್ದರೆ, ಒಪ್ಪದ ಕಾರಣವನ್ನು ಬರೆದುಕೊಡಬೇಕೆಂದು ಕೇಳತಕ್ಕದ್ದು.