ಮೊದಲು ಲಾಂಚ್ ಮಾಡೋಣ, ಆಮೇಲೆ ಸರಿ ಮಾಡೋಣ. ನಿಜಾನಾ? (ಭಾಗ 6)

ಮೊನ್ನೆ ಮಾರ್ಕೆಟಿಂಗ್ ಪ್ರೆಸೆಂಟೇಶನ್‌ನಲ್ಲಿ ನಮ್ಮ ಟೀಮಿನವನೊಬ್ಬ ಹೇಳಿದ: "ಮೊದಲು ಲಾಂಚ್ ಮಾಡ್ಬೇಕು, ತಪ್ಪು ಆಮೇಲೆ ನೋಡ್ಕೋಬಹುದು. ಕಾರುಗಳೂ ಹಾಗೇ ಬೆಳೆದಿದ್ದು." ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಮನೆಗೆ ಬಂದು ಓದಿದ್ಮೇಲೆ ಅನ್ನಿಸ್ತು, ಇದು ಅರ್ಧ ಸತ್ಯ.

1️⃣ ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಕಾರಿಗೆ ಇದ್ದಿದ್ದು ಮೂರೇ ಚಕ್ರ. ಯಾಕೆ ಗೊತ್ತಾ? ಸ್ಟೀರಿಂಗ್! ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ಸುತ್ತು ಹಾಕುತ್ತೆ, ಹೊರಗಿನದು ದೊಡ್ಡ ಸುತ್ತು. ಎರಡನ್ನೂ ಒಂದೇ ಕೋನಕ್ಕೆ ತಿರುಗಿಸಿದ್ರೆ ಚಕ್ರ ಉರುಳೋ ಬದಲು ನೆಲಕ್ಕೆ ಉಜ್ಜುತ್ತೆ. ಇದಕ್ಕೆ ಅವರಿಗೆ ಒಪ್ಪುವಂಥ ಪರಿಹಾರ ಆಗ ಸಿಕ್ಕಿರಲಿಲ್ಲ. ಹಾಗಾಗಿ ಮುಂದೆ ಒಂದೇ ಚಕ್ರ, ತಿರುಗಿಸೋಕೆ ಒಂದು ಹಿಡಿಕೆ. ಬರದೇ ಇರೋದನ್ನ ಬರುತ್ತೆ ಅಂತ ಮಾರಲಿಲ್ಲ. ನಾಲ್ಕು ಚಕ್ರದ ಕಾರಿನ ಸ್ಟೀರಿಂಗ್‌ಗೆ ಅವರು ಪೇಟೆಂಟ್ ಪಡೆದಿದ್ದು 1893ರಲ್ಲಿ.

2️⃣ ಟೆಸ್ಟ್ ಮಾಡಿದ್ದು ಯಾರು? 1888ರ ಆಗಸ್ಟ್‌ನಲ್ಲಿ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನ ಕರ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿ.ಮೀ. ಓಡಿಸಿದ್ರು. ಬ್ರೇಕ್ ಸವೆದಾಗ ಶೂ ಹೊಲಿಯೋರ ಹತ್ರ ಚರ್ಮ ಹಾಕಿಸಿದ್ರು. ಏರಿನಲ್ಲಿ ಕಾರು ತಳ್ಳಬೇಕಾಯ್ತು. ವಾಪಸ್ ಬಂದು ಹೇಳಿದ್ರು, ಇನ್ನೊಂದು ಗೇರ್ ಸೇರಿತು. ಅಪಾಯ ತಗೊಂಡಿದ್ದು ಕಾರು ಮಾಡಿದವರ ಮನೆಯವರೇ.

3️⃣ ಈಗ ಫ್ರಾನ್ಸ್‌ಗೆ ಬನ್ನಿ. 1894ರ ಪ್ಯಾರಿಸ್-ರೂಆನ್ ಓಟದಲ್ಲೇ ವಶೆರೋನ್ ಅನ್ನೋರು ತಮ್ಮ ಪನಾರ್ ಕಾರಿಗೆ ದುಂಡನೆಯ ಸ್ಟೀರಿಂಗ್ ಹಾಕಿ ಓಡಿಸಿದ್ದರು. ಅಂದ್ರೆ ಉತ್ತರ ಕಣ್ಮುಂದೆ ಇತ್ತು. ಆದ್ರೂ 1896ರ ಪ್ಯಾರಿಸ್-ಮಾರ್ಸೇ ಓಟಕ್ಕೆ ಅದೇ ಪನಾರ್ ಕಂಪನಿಯ ಪಾಲುದಾರ ಎಮಿಲ್ ಲೆವಾಸೋರ್ ಹೊರಟಿದ್ದು ಹಿಡಿಕೆಯ ಕಾರಿನಲ್ಲೇ. ನಾಯಿ ಅಡ್ಡ ಬಂತು, ತಪ್ಪಿಸೋಕೆ ಹೋಗಿ ಕಾರು ಮಗುಚಿತು. ಜೋರು ಪೆಟ್ಟಾಯ್ತು, ಮುಂದಿನ ವರ್ಷ ತೀರಿಕೊಂಡ್ರು. ಆಮೇಲೆ ಕೆಲವೇ ವರ್ಷದಲ್ಲಿ ಹಿಡಿಕೆ ಮೂಲೆ ಸೇರಿ, ದುಂಡನೆಯ ಸ್ಟೀರಿಂಗ್ ಮಾಮೂಲಿ ಆಯ್ತು.

4️⃣ ನನ್ನ ಮಾತು ಇಷ್ಟೇ. ರಸ್ತೆಗೆ ಇಳಿಸದೆ ಯಾವುದೂ ಸರಿ ಹೋಗಲ್ಲ, ಒಪ್ಪಿದೆ. ಆದ್ರೆ ಬರ್ತಾ ಆಗ್ಲಿ ಲೆವಾಸೋರ್ ಆಗ್ಲಿ, ಮೊದಲು ತಾವೇ ಕೂತ್ರು. ಕಳೆದ ಸೆಮಿಸ್ಟರ್‌ನಲ್ಲಿ ನನ್ನ ಪರೀಕ್ಷೆ ಫೀಸು ಒಂದು ಆಪ್‌ನಲ್ಲಿ ಒಂಬತ್ತು ದಿನ ಸಿಕ್ಕಿಹಾಕ್ಕೊಂಡಿತ್ತು. ಅಪ್ಪ ಇನ್ನೊಂದ್ಸಲ ಸಾಲ ಮಾಡಿ ಕಟ್ಟಿದ್ರು. ಆಪ್‌ನವರು ಕೊಟ್ಟ ಉತ್ತರ: "ಹೊಸ ವರ್ಷನ್, ಇನ್ನೂ ಟೆಸ್ಟಿಂಗ್‌ನಲ್ಲಿದೆ." ಕಾರು ಅವರದ್ದು, ಮಗುಚಿದ್ದು ನಾವು.

ಶುಕ್ರವಾರ ನಮ್ಮ ಫೈನಲ್ ಪ್ರೆಸೆಂಟೇಶನ್. ಆ ಸ್ಲೈಡ್‌ನಲ್ಲಿ ಒಂದು ಸಾಲು ಸೇರಿಸೋಣ ಅಂತಿದ್ದೀನಿ: "ಲಾಂಚ್ ಮಾಡಿ, ಆದ್ರೆ ಮೊದಲ ಸವಾರಿ ನಿಮ್ಮದೇ ಆಗಿರಲಿ." ಟೀಮಿನವರು ಬೈತಾರೋ ಏನೋ 😅

ನೀವೇನಂತೀರಾ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ.

#ಬಿಕಾಂಬದುಕು #ಕನ್ನಡದಲ್ಲೇಬರೀತೀನಿ