ಹೆದರಬೇಡಿ, ಮನೆಯವರೊಂದಿಗೆ ಮಾತಾಡಿ ಹೆಸರು ಬರೆಸಿ

ರಕ್ತದಾನ ಶಿಬಿರ ಅಂದರೆ ಚಿತ್ರದುರ್ಗ, ಹಿರಿಯೂರಿನ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ಸಾಲುಗಟ್ಟುತ್ತಾರೆ. ‘ಸ್ಟೆಮ್‌ಸೆಲ್‌ ದಾನಕ್ಕೂ ಹೆಸರು ಕೊಡಿ’ ಅಂದರೆ ಹಿಂದೆ ಸರಿಯುತ್ತಾರೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ವಿಷಯ ಎತ್ತಿದಾಗ ಅಮ್ಮ, ‘ಬೆನ್ನಿಗೆ ಸೂಜಿ ಚುಚ್ಚಿಸ್ಕೊಂಡು ಸೊಂಟ ಕಳ್ಕೊಬೇಡ ಕಣೇ’ ಎಂದರು. ಅಸ್ಥಿಮಜ್ಜೆ, ಬೆನ್ನುಹುರಿ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ.

ಮಜ್ಜೆ ಇರುವುದು ಮೂಳೆಯ ಒಳಗೆ. ರಕ್ತಕಣಗಳು ಹುಟ್ಟುವುದು ಅಲ್ಲಿನ ಆಕರಕೋಶಗಳಿಂದ. ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್‌ ಕೋಶಗಳು ಈ ಆಕರಕೋಶಗಳ ಸಂಖ್ಯೆಯ ಮೇಲೆ ಪ್ರಭಾವ ಬೀರುತ್ತವೆ ಎಂದು 2003ರಲ್ಲಿ ‘ನೇಚರ್‌’ ಪತ್ರಿಕೆಯ ಎರಡು ಅಧ್ಯಯನಗಳು ಇಲಿಗಳಲ್ಲಿ ತೋರಿಸಿದವು. ರಕ್ತನಾಳದ ಸುತ್ತಲಿನ ಕೋಶಗಳಿಗೂ ದೊಡ್ಡ ಪಾತ್ರವಿದೆ ಎಂಬುದು ನಂತರ ತಿಳಿಯಿತು.

ದಾನ ಸುಲಭವಾಗಿರುವುದರ ಹಿಂದೆಯೂ ಈ ನಂಟಿದೆ. ಜಿ–ಸಿಎಸ್‌ಎಫ್‌ ಚುಚ್ಚುಮದ್ದನ್ನು ನಾಲ್ಕೈದು ದಿನ ಕೊಟ್ಟಾಗ ಮೂಳೆ ಕಟ್ಟುವ ಕೋಶಗಳ ಚಟುವಟಿಕೆ ತಗ್ಗುತ್ತದೆ. ಆಕರಕೋಶಗಳನ್ನು ಮಜ್ಜೆಯಲ್ಲಿ ಹಿಡಿದಿಡುವ ರಾಸಾಯನಿಕವೂ ಕಡಿಮೆಯಾಗಿ ಅವು ರಕ್ತಕ್ಕೆ ಇಳಿಯುತ್ತವೆ. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಆಕರಕೋಶ ಬೇರ್ಪಡಿಸಿ, ಉಳಿದದ್ದನ್ನು ದಾನಿಗೇ ಮರಳಿಸುತ್ತಾರೆ. ಕೆಲವು ದಿನ ಮೈಕೈ ನೋವು, ತಲೆನೋವು ಇರಬಹುದು. ಕೆಲವೊಮ್ಮೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದುಂಟು. ಆಗಲೂ ಬೆನ್ನುಹುರಿಯನ್ನು ಮುಟ್ಟುವುದಿಲ್ಲ.

ರಕ್ತ ಕ್ಯಾನ್ಸರ್‌, ಥಲಸ್ಸೇಮಿಯಾ ರೋಗಿಗಳಿಗೆ ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ಶೇ 25 ಮಾತ್ರ. ಹಲವರು ಅಪರಿಚಿತ ದಾನಿಯನ್ನೇ ನೆಚ್ಚಬೇಕು. ಒಂದೇ ಮೂಲದ ಜನರಲ್ಲಿ ಹೊಂದಾಣಿಕೆಯ ಸಂಭವ ಹೆಚ್ಚು. ಹೊಸದುರ್ಗದ ಮಗುವಿಗೆ ಬೇಕಾದ ದಾನಿ ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲೇ ಇರಬಹುದು. ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಹುಡುಕುವುದು ಹೇಗೆ?

ಬೆಂಗಳೂರಿನ ಡಿಕೆಎಂಎಸ್‌ ಫೌಂಡೇಷನ್‌, ಚೆನ್ನೈನ ದಾತ್ರಿ ದಾನಿಗಳನ್ನು ನೋಂದಾಯಿಸುತ್ತವೆ. 18 ತುಂಬಿದ ಆರೋಗ್ಯವಂತರು ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಸವರಿ ಮಾದರಿ ಕೊಟ್ಟರೆ ಸಾಕು. ನಮ್ಮ ಕಾಲೇಜುಗಳು ಪ್ರತಿ ರಕ್ತದಾನ ಶಿಬಿರದಲ್ಲೂ ಇದಕ್ಕೊಂದು ಮೇಜು ಹಾಕಲಿ.

ಆದರೆ ಗೆಳೆಯರೇ, ಸೆಲ್ಫಿಗಾಗಿ ಹೆಸರು ಬರೆಸಬೇಡಿ. ಕಸಿಗೆ ಮೊದಲು ರೋಗಿಯ ಮಜ್ಜೆಯನ್ನು ಔಷಧಿ ಕೊಟ್ಟು ನಾಶಪಡಿಸುತ್ತಾರೆ. ಆ ಹೊತ್ತಿನಲ್ಲಿ ದಾನಿ ‘ಮನೆಯಲ್ಲಿ ಒಪ್ಪುತ್ತಿಲ್ಲ’ ಎಂದರೆ ರೋಗಿಯ ಜೀವಕ್ಕೇ ಕುತ್ತು. ಅದಕ್ಕೇ ನಾನು ಅಮ್ಮನಿಗೆ ಎಲ್ಲ ವಿವರಿಸಿ, ಅವರು ‘ಹೂಂ’ ಅಂದ ಮೇಲೆಯೇ ಹೆಸರು ಕೊಟ್ಟೆ. ನೀವೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆಯಿರಿ.