ಕಲಿಯಲು ಹೋದ ದಿನದ ಪಗಾರ ಮುರಿಯಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಬಂಧುಗಳಲ್ಲಿ ಒಂದು ಕಳಕಳಿಯ ಮನವಿ. ಕಾರ್ಮಿಕ ಸಂಘ ನಡೆಸುವ ತರಬೇತಿಗೆ ಹೋಗಿಬಂದರೆಂಬ ಕಾರಣಕ್ಕೆ ದುಡಿಯುವ ಯಾರ ಪಗಾರವೂ ಮುರಿಯಬಾರದು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಬೀಳಬಾರದು. ಮರುದಿನ ಗೇಟಿನಲ್ಲಿ ಅವರು ಗದರಿಸಿಕೊಳ್ಳುವಂತಾಗಬಾರದು. ಇದಿಷ್ಟು ಸಣ್ಣ ಕೋರಿಕೆ. ಇದನ್ನು ಈಡೇರಿಸಲು ದೊಡ್ಡ ಹಣ ಬೇಕಿಲ್ಲ, ಮನಸ್ಸು ಬೇಕು.

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಕಾರ್ಮಿಕ ಸಂಘಟನೆ ಎಂದೊಡನೆ ನೆನಪಾಗುವುದು ಕಲಬುರಗಿಯ ಎಂ.ಎಸ್.ಕೆ. ಮಿಲ್ಲು, ಶಹಾಬಾದ್ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳು. ಸಾವಿರಾರು ಜನ ಒಂದೇ ಗೇಟಿನೊಳಗೆ ದುಡಿಯುತ್ತಿದ್ದರು, ಶಿಫ್ಟ್ ಮುಗಿದ ಮೇಲೆ ಚಹಾದಂಗಡಿಯಲ್ಲೇ ಅರ್ಧ ಕಾನೂನು ಕಲಿಯುತ್ತಿದ್ದರು. ಎಸ್.ಕೆ. ಕಾಂತಾ ಅವರು ಅಂಥ ಕಾರ್ಮಿಕ ಹೋರಾಟದಿಂದಲೇ ಬಂದು ರಾಜ್ಯದ ಮಂತ್ರಿಯಾದರು. ನಮ್ಮ ಮೂರು ತಾಲ್ಲೂಕುಗಳ ಕಥೆ ಬೇರೆ. ಭೂಸನೂರ, ಹಾವಳಗಾ, ಮಳ್ಳಿಯ ಸಕ್ಕರೆ ಕಾರ್ಖಾನೆಗಳನ್ನು ಬಿಟ್ಟರೆ ದುಡಿಮೆಯೆಲ್ಲ ಹಳ್ಳಿಹಳ್ಳಿಗೆ ಚದುರಿಹೋಗಿದೆ. ಪಂಚಾಯಿತಿಗೊಬ್ಬ ಕರವಸೂಲಿಗಾರ, ಊರಿಗೊಬ್ಬ ನೀರು ಬಿಡುವವ, ಓಣಿಗೊಬ್ಬ ಅಂಗನವಾಡಿ ಕಾರ್ಯಕರ್ತೆ, ಶಾಲೆಗಿಬ್ಬರು ಮೂವರು ಬಿಸಿಯೂಟದವರು, ಆಶಾ ಅಕ್ಕ, ಮನೆ ಕಟ್ಟುವ ಗೌಂಡಿ, ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು, ಮುಕಾದಮನಿಂದ ಉಚಲ, ಅಂದರೆ ಮುಂಗಡ ಹಣ, ತಗೊಂಡು ಕಬ್ಬು ಕಡಿಯಲು ಹೋಗುವ ಜೋಡಿಗಳು. ಇವರು ಒಬ್ಬರನ್ನೊಬ್ಬರು ನೋಡುವುದೇ ಅಪರೂಪ. ಸಂಘದ ತರಬೇತಿಯೊಂದೇ ಇವರು ಒಟ್ಟಿಗೆ ಕೂಡುವ ಜಾಗ.

ಈ ತರಬೇತಿಯಲ್ಲಿ ಏನು ಹೇಳಿಕೊಡುತ್ತಾರೆ? ಬಾವುಟ ಹಿಡಿಯುವುದು, ಘೋಷಣೆ ಕೂಗುವುದು ಎಂದು ಹಲವರು ತಿಳಿದಿದ್ದಾರೆ. ಒಳ್ಳೆಯ ತರಗತಿಯಲ್ಲಿ ಮೊದಲು ತೆಗೆಯುವುದು ಪಗಾರದ ಚೀಟಿ. ಭವಿಷ್ಯನಿಧಿಗೆ ಎಷ್ಟು ಹಿಡಿದಿದ್ದಾರೆ, ಮಾಲೀಕರ ಪಾಲು ಜಮೆಯಾಗಿದೆಯೇ ಎಂದು ಮೊಬೈಲಿನಲ್ಲಿ ನೋಡುವುದು ಹೇಗೆ. ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಏರಿದ ಮೇಲೆ ನಮ್ಮ ಕೈಗೆ ಬಂದಿದೆಯೇ. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಲು ತೊಂಬತ್ತು ದಿನದ ದುಡಿಮೆಯ ದಾಖಲೆ ಯಾರಿಂದ ಪಡೆಯಬೇಕು. ಇದು ಲೆಕ್ಕದ ಪಾಠ, ಬದುಕಿನ ಪಾಠ.

ಸಕ್ಕರೆ ಕಾರ್ಖಾನೆಯದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಹಂಗಾಮಿನ ಕಾರ್ಖಾನೆಯಲ್ಲಿ ನುರಿಸುವ ಹಂಗಾಮಿಗಷ್ಟೇ ದುಡಿಯುವವರಿಗೆ ಪ್ರತಿ ಹಂಗಾಮಿಗೆ ಏಳು ದಿನದ ಪಗಾರದ ಲೆಕ್ಕದಲ್ಲಿ ಗ್ರಾಚುಟಿ, ವರ್ಷವಿಡೀ ದುಡಿಯುವವರಿಗೆ ವರ್ಷಕ್ಕೆ ಹದಿನೈದು ದಿನದ ಲೆಕ್ಕ. ಈ ಎರಡರ ನಡುವೆ ತಾನು ಯಾವ ಕಡೆ ಎಂದು ಗೊತ್ತಿಲ್ಲದವನು ಇಪ್ಪತ್ತು ವರ್ಷದ ದುಡಿಮೆ ಮುಗಿಸಿ ಮನೆಗೆ ಹೋಗುವಾಗ ಅರ್ಧಕ್ಕಿಂತ ಕಡಿಮೆ ಹಣಕ್ಕೆ ಹೆಬ್ಬೆಟ್ಟು ಒತ್ತಿಬಿಡಬಹುದು. ಹಂಗಾಮಿನ ಸಕ್ಕರೆ ಕಾರ್ಖಾನೆಗೆ ಇ.ಎಸ್.ಐ. ಎಂಬ ಕಾರ್ಮಿಕ ವಿಮೆ ಅನ್ವಯಿಸುವುದಿಲ್ಲ. ಹಾಗಾದರೆ ಯಂತ್ರದಲ್ಲಿ ಕೈ ಸಿಕ್ಕಿಹಾಕಿಕೊಂಡವನ ಗತಿ? ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದ ಇದೆ. ಆದರೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಎರಡು ವರ್ಷ "ನೋಡೋಣ, ಮಾಡೋಣ" ಎಂಬ ಮಾತಿನಲ್ಲೇ ಕಳೆದುಹೋದರೆ ಮುಂದೆ ಯಾರ ಬಾಗಿಲು ತಟ್ಟಿದರೂ ಕಷ್ಟ. ಈ ಒಂದು ಮಾತು ಕಿವಿಗೆ ಬೀಳಲು ಒಂದು ದಿನದ ತರಗತಿ ಸಾಕು.

ಅಂಗನವಾಡಿ ಅಕ್ಕಂದಿರ ವಿಷಯವೂ ಹಾಗೆಯೇ. ಅವರಿಗೂ ಗ್ರಾಚುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿತು. ಮೊಕದ್ದಮೆ ಗುಜರಾತಿನದು. ಆ ಇಂಗ್ಲಿಷ್ ತೀರ್ಪು ಭೀಮಾ ತೀರದ ಹಳ್ಳಿಗೆ ಅರ್ಥವಾಗುವ ಮಾತಿನಲ್ಲಿ ಬಂದದ್ದು ಸಂಘದ ಸಭೆಗಳ ಮೂಲಕ. ಅದನ್ನು ತಿಳಿದುಕೊಂಡ ಮೇಲೆಯೇ ನಮ್ಮ ಹೆಣ್ಣುಮಕ್ಕಳು 2023ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಧರಣಿ ಕೂತದ್ದು.

ಈಗ ಕಲಿಯುವ ತುರ್ತು ಇನ್ನೂ ಹೆಚ್ಚಿದೆ. ಇಪ್ಪತ್ತೊಂಬತ್ತು ಹಳೆಯ ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳಲ್ಲಿ ಸೇರಿಸಿ ಕೇಂದ್ರ ಸರ್ಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. ಹಳೆಯ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಮುಖಂಡರೂ ಮತ್ತೆ ಓದಲು ಕೂಡಬೇಕಾಗಿದೆ. ಈ ಸಂಹಿತೆಗಳನ್ನು ಒಪ್ಪುವವರಿದ್ದಾರೆ, ವಿರೋಧಿಸುವವರಿದ್ದಾರೆ. ಆದರೆ ಪ್ರತಿಯೊಬ್ಬ ಕಾರ್ಮಿಕನಿಗೆ ನೇಮಕಾತಿ ಪತ್ರ ಕೊಡಬೇಕು, ಗೊತ್ತುಪಡಿಸಿದ ಅವಧಿಗೆ ನೇಮಕವಾದವರು ಒಂದು ವರ್ಷ ದುಡಿದರೂ ಗ್ರಾಚುಟಿಗೆ ಅರ್ಹರು ಎಂಬಂಥ ಅಂಶಗಳು ಅವುಗಳಲ್ಲಿವೆ. ಕೇಳುವವರಿಲ್ಲದಿದ್ದರೆ ಅವು ಕಾಗದದಲ್ಲೇ ಉಳಿಯುತ್ತವೆ.

ಇನ್ನು ಹಕ್ಕಿನ ಮಾತು. ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಸಂಘದ ತರಬೇತಿಗೆ ಪಗಾರಿ ರಜೆ ಕೊಡಲೇಬೇಕೆಂಬ ನೇರ ಕಾನೂನು ನಮ್ಮ ದೇಶದಲ್ಲಿಲ್ಲ. ಕಲಿಕೆಗಾಗಿ ಪಗಾರಸಹಿತ ರಜೆ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲಿ 140ನೇ ಒಡಂಬಡಿಕೆ ಮಾಡಿತು, ಅದರಲ್ಲಿ ಸಂಘದ ಶಿಕ್ಷಣವನ್ನೂ ಸೇರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಬ್ರಿಟನ್ನಿನಲ್ಲಿ 1975ರ ಕಾನೂನೇ ಮಾನ್ಯತೆ ಪಡೆದ ಸಂಘದ ಪ್ರತಿನಿಧಿಗಳಿಗೆ ತರಬೇತಿಯ ಹೊತ್ತಿಗೆ ಪಗಾರ ಕೊಡಬೇಕೆಂದಿತು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ದುಡಿಯುವವರಿಗೆ ವರ್ಷಕ್ಕೆ ಐದು ದಿನ ಕಲಿಕೆಯ ರಜೆ ಇದೆ. ನಮ್ಮಲ್ಲಿ ಇರುವುದು ಬೇರೆ ಬಗೆಯ ರಕ್ಷಣೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಸಂಘಕ್ಕೆ ಸೇರಿದ್ದಕ್ಕೆ, ಸಂಘದ ಕೆಲಸಕ್ಕೆ ನೆರವಾದದ್ದಕ್ಕೆ ಕಾರ್ಮಿಕರನ್ನು ಬೆದರಿಸುವುದು, ತಡೆಯುವುದು ಹಳೆಯ ಕಾನೂನಿನಲ್ಲೂ ಹೊಸ ಸಂಹಿತೆಯಲ್ಲೂ ಅನ್ಯಾಯದ ಪದ್ಧತಿ ಎನಿಸಿದೆ. ಉಳಿದದ್ದನ್ನು ಸಂಘ ಮತ್ತು ಆಡಳಿತ ಎದುರುಬದುರು ಕೂತು ಒಪ್ಪಂದದಲ್ಲಿ ಬರೆದುಕೊಳ್ಳಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಪಗಾರ ಕೊಟ್ಟು ಕಲಿಯಲು ಕಳಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ 1958ರಲ್ಲಿ ನಾಗಪುರದಲ್ಲಿ ಶುರುವಾಯಿತು. ಈಗ ಅದಕ್ಕೆ ದತ್ತೋಪಂತ ಠೇಂಗಡಿಯವರ ಹೆಸರಿದೆ. ಸಂಘದವರು ಸೂಚಿಸಿದ ಕಾರ್ಮಿಕನನ್ನು ಕಾರ್ಖಾನೆಯವರು ಪಗಾರ ಕೊಟ್ಟೇ ಅದರ ತರಬೇತಿಗೆ ಕಳಿಸುತ್ತಿದ್ದರು. ಅವನು ಕಲಿತು ಬಂದು ಜೊತೆಯವರಿಗೆ ಕಲಿಸುತ್ತಿದ್ದ. ಸರ್ಕಾರಿ ಶಾಲಾ ಶಿಕ್ಷಕರು ತಮ್ಮ ಸಂಘದ ಶೈಕ್ಷಣಿಕ ಸಮ್ಮೇಳನಕ್ಕೆ ಹೊರಟರೆ ಸರ್ಕಾರವೇ ವಿಶೇಷ ಸಾಂದರ್ಭಿಕ ರಜೆಯ ಆದೇಶ ಹೊರಡಿಸುತ್ತದೆ. ಅದು ಸರಿಯೇ, ಹಾಗೆಯೇ ಇರಲಿ. ಅದೇ ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಅಕ್ಕನಿಗೆ ಆ ರಜೆ ಯಾಕಿಲ್ಲ? ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ನಮ್ಮ ಜಿಲ್ಲೆಯೂ ಸೇರಿದ ಏಳು ಜಿಲ್ಲೆಗಳಲ್ಲಿ. ಅಂದಿನಿಂದ ಒಲೆ ಮುಂದೆ ನಿಂತವರಿಗೆ ಕಲಿಯಲು ವರ್ಷಕ್ಕೆರಡು ದಿನ ಬಿಡುವು ಕೊಡುವುದು ಭಾರವೇ? 2013ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಒಪ್ಪಿಕೊಳ್ಳಿ ಎಂದು ಶಿಫಾರಸು ಮಾಡಿತ್ತು.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಕಲಬುರಗಿಯವರೆಗಿನ ಬಸ್ಸಿನ ಖರ್ಚು ತಪ್ಪಿದೆ. ತಪ್ಪದಿರುವುದು ಆ ದಿನದ ಕೂಲಿಯ ನಷ್ಟ. ತರಗತಿಗೆ ಹೋದರೆ ಕೂಲಿ ಇಲ್ಲ, ಕೂಲಿಗೆ ಹೋದರೆ ತರಗತಿ ಇಲ್ಲ ಎಂದಾದಾಗ ಬಡವರು ಕೂಲಿಯನ್ನೇ ಆರಿಸುತ್ತಾರೆ. ಅದು ಅವರ ಅಸಡ್ಡೆಯಲ್ಲ.

ಸಂಘದ ಗೆಳೆಯರಿಗೂ ಒಂದು ಮಾತು ಹೇಳಬೇಕು. ತರಬೇತಿ ಎಂದು ಕರೆದು ಬೆಳಗಿನಿಂದ ಸಂಜೆಯವರೆಗೆ ಭಾಷಣ ಮಾಡಬೇಡಿ. ಹಾರ ತುರಾಯಿ ಬೇಡ. ವೇದಿಕೆಯ ಮೇಲೆ ಹನ್ನೆರಡು ಕುರ್ಚಿ ಬೇಡ. ದಿನ ಗೊತ್ತುಮಾಡುವ ಮೊದಲು ಊರಿನ ದುಡಿಮೆಯ ಲಯ ನೋಡಿ. ತೊಗರಿ ರಾಶಿಯ ಹೊತ್ತಿನಲ್ಲಿ, ಎಳ್ಳ ಅಮಾವಾಸ್ಯೆಯ ಆಚೀಚೆ ಯಾರೂ ಬರಲಾರರು. ಹುಣ್ಣಿಮೆಯ ದಿನ ಅಫಜಲಪುರದ ಕಡೆ ಇಟ್ಟರೆ ಬಸ್ಸುಗಳೆಲ್ಲ ಗಾಣಗಾಪುರದ ಭಕ್ತರಿಂದ ತುಂಬಿರುತ್ತವೆ. ಸಕ್ಕರೆ ಕಾರ್ಖಾನೆಯವರಿಗೆ ನುರಿಸುವುದು ನಿಂತು ದುರಸ್ತಿ ನಡೆಯುವ ತಿಂಗಳುಗಳು ಒಳ್ಳೆಯವು. ಕಬ್ಬು ಕಡಿಯುವವರಿಗೆ ದೀಪಾವಳಿಯ ಮೊದಲು, ಉಚಲದ ಕಾಗದಕ್ಕೆ ಸಹಿ ಹಾಕುವ ಮುನ್ನ, ಅವರ ತಾಂಡಾ, ಅವರ ಓಣಿಗೇ ಹೋಗಿ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಲಿ, ಮಧ್ಯಾಹ್ನ ರೊಟ್ಟಿ ಊಟವಿರಲಿ. ಪಂಚಾಯಿತಿ ನೌಕರರನ್ನೂ ತೊಗರಿ ಬೆಳೆಗಾರರನ್ನೂ ಕಟ್ಟಿ ಬೆಳೆಸಿದ ಮಾರುತಿ ಮಾನ್ಪಡೆಯವರು 2020ರ ಅಕ್ಟೋಬರಿನಲ್ಲಿ ಕೊರೊನಾಕ್ಕೆ ತುತ್ತಾದರು. ಅವರಂಥ ಮುಖಂಡರು ಹೋದ ಮೇಲೆ ಹಳ್ಳಿಗೊಬ್ಬರಾದರೂ ತಿಳಿದವರನ್ನು ತಯಾರು ಮಾಡದಿದ್ದರೆ ಸಂಘ ಉಳಿಯುವುದಿಲ್ಲ.

ಕಾರ್ಖಾನೆ, ದಾಲ್ ಮಿಲ್ಲುಗಳ ಸಾವಕಾರರಲ್ಲಿ, ಗುತ್ತಿಗೆದಾರರಲ್ಲಿ ನನ್ನ ಬೇಡಿಕೆ ಇಷ್ಟು: ವರ್ಷಕ್ಕೆ ಎರಡು ದಿನ, ಮುಂಚಿತವಾಗಿ ಸಂಘದವರು ಪತ್ರ ಕೊಟ್ಟರೆ, ಪಗಾರಿ ರಜೆ ಕೊಡಿ. ಎಲ್ಲರನ್ನೂ ಒಟ್ಟಿಗೆ ಬಿಡಲಾಗದಿದ್ದರೆ ಪಾಳಿಯಲ್ಲಿ ಬಿಡಿ. ಕಾನೂನು ತಿಳಿದ ಕಾರ್ಮಿಕ ಸುರಕ್ಷತೆಯನ್ನೂ ತಿಳಿದಿರುತ್ತಾನೆ, ಗಾಳಿಮಾತಿಗೆ ಕೆಲಸ ನಿಲ್ಲಿಸುವುದಿಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಪಿ.ಡಿ.ಒ.ಗಳೇ, ಒಂದು ಠರಾವು ಮಾಡಿ ನಿಮ್ಮ ನೀರು ಬಿಡುವವರನ್ನೂ ಕರವಸೂಲಿಗಾರರನ್ನೂ ಕರ್ತವ್ಯದ ಮೇಲೆಂದು ತೋರಿಸಿ ಕಳಿಸಿಕೊಡಿ. ಮೂರೂ ತಾಲ್ಲೂಕುಗಳ ಶಾಸಕರು ಇದನ್ನು ಸದನದಲ್ಲಿ ಎತ್ತಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ತಾಲ್ಲೂಕಿಗೊಂದು ಕಾರ್ಮಿಕ ಕಲಿಕಾ ಭವನ ಕೇಳಲಿ.

ಓದುಗರೇ, ನಿಮ್ಮಲ್ಲಿ ಹಲವರು ಹೊಲದೊಡೆಯರು, ಮನೆ ಕಟ್ಟಿಸುತ್ತಿರುವವರು, ಅಂಗಡಿ ಇಟ್ಟವರು. ನಿಮ್ಮಲ್ಲಿ ದುಡಿಯುವವರು "ನಾಳೆ ಸಂಘದ ತರಗತಿ ಐತ್ರಿ" ಎಂದು ಕೇಳಿದಾಗ ಹೋಗಿ ಬಾ ಎನ್ನಿ, ಶನಿವಾರದ ಬಟವಾಡೆಯಲ್ಲಿ ಆ ದಿನದ ಕೂಲಿಯನ್ನೂ ಸೇರಿಸಿ ಕೊಡಿ.